ಪರವೂರಿನ ಐವತ್ತು ಮತಗಟ್ಟೆಗಳು: ಮತಯಂತ್ರಕ್ಕೆ ಮೊದಲು ಬೇಕಿದ್ದ ಕಾನೂನು

1982ರ ಮೇ 19ರಂದು ಕೇರಳ ವಿಧಾನಸಭೆಗೆ ಮತದಾನ ನಡೆದಾಗ ಎರ್ನಾಕುಲಂ ಜಿಲ್ಲೆಯ ಪರವೂರು ಕ್ಷೇತ್ರದ ಮತದಾರರು ಎರಡು ಬಗೆಯಲ್ಲಿ ಮತ ಹಾಕಿದರು. ಕ್ಷೇತ್ರದಲ್ಲಿದ್ದ 84 ಮತಗಟ್ಟೆಗಳ ಪೈಕಿ 34ರಲ್ಲಿ ಎಂದಿನಂತೆ ಮತಪತ್ರ, ಮುದ್ರೆ ಮತ್ತು ಮತಪೆಟ್ಟಿಗೆ ಇದ್ದವು. ಉಳಿದ 50ರಲ್ಲಿ ಗುಂಡಿ ಒತ್ತುವ ವಿದ್ಯುನ್ಮಾನ ಯಂತ್ರವಿತ್ತು. ಭಾರತದ ಚುನಾವಣೆಯೊಂದರಲ್ಲಿ ಮತಯಂತ್ರ ಬಳಕೆಯಾದದ್ದು ಅದೇ ಮೊದಲು. ಎಣಿಕೆ ಮುಗಿದಾಗ ಭಾರತೀಯ ಕಮ್ಯುನಿಸ್ಟ್ ಪಕ್ಷದ ಶಿವನ್ ಪಿಳ್ಳೈ ಅವರಿಗೆ 30,450 ಮತಗಳೂ ಅವರ ಎದುರಾಳಿ ಎ.ಸಿ. ಜೋಸ್ ಅವರಿಗೆ 30,327 ಮತಗಳೂ ಬಂದಿದ್ದವು. ಗೆಲುವಿನ ಅಂತರ 123. ಪಿಳ್ಳೈ ಅವರ ಮತಗಳಲ್ಲಿ 11,268 ಮಾತ್ರ ಕಾಗದದ ಮೇಲೆ ಬಿದ್ದವು, 19,182 ಯಂತ್ರದ ಮೂಲಕ ಬಂದವು.

ಜೋಸ್ ಆ ಹೊತ್ತಿಗೆ ಕೇರಳ ವಿಧಾನಸಭೆಯ ಸ್ಪೀಕರ್ ಆಗಿದ್ದವರು. ಆಡಳಿತ ಪಕ್ಷ ಮತ್ತು ವಿರೋಧ ಪಕ್ಷಗಳ ಬಲ ಸಮಸಮವಾಗಿದ್ದ ಸದನದಲ್ಲಿ ತಮ್ಮ ನಿರ್ಣಾಯಕ ಮತವನ್ನು ಮತ್ತೆ ಮತ್ತೆ ಚಲಾಯಿಸಿ ಸರ್ಕಾರವನ್ನು ಉಳಿಸಿದವರೆಂದು ದೇಶದಾದ್ಯಂತ ಹೆಸರಾಗಿದ್ದರು. ಒಂದು ಮತದ ತೂಕವನ್ನು ಅಷ್ಟು ಹತ್ತಿರದಿಂದ ಕಂಡಿದ್ದ ಅವರು 123 ಮತಗಳ ಸೋಲನ್ನು ಪ್ರಶ್ನಿಸಿ ಕೇರಳ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಸಲ್ಲಿಸಿದರು. ಹೈಕೋರ್ಟು ಅರ್ಜಿಯನ್ನು ತಳ್ಳಿಹಾಕಿದ್ದರಿಂದ ಪ್ರಕರಣ ಮೇಲ್ಮನವಿಯಾಗಿ ಸುಪ್ರೀಂ ಕೋರ್ಟಿಗೆ ಬಂತು. ನ್ಯಾಯಮೂರ್ತಿಗಳಾದ ಮುರ್ತಜಾ ಫಜಲ್ ಅಲಿ, ಎ. ವರದರಾಜನ್ ಮತ್ತು ರಂಗನಾಥ ಮಿಶ್ರಾ ಅವರ ಪೀಠ 1984ರ ಮಾರ್ಚ್ 5ರಂದು ತೀರ್ಪು ನೀಡಿತು. ‘ಎ.ಸಿ. ಜೋಸ್ ವಿರುದ್ಧ ಶಿವನ್ ಪಿಳ್ಳೈ’ ಎಂದು ಕಾನೂನು ವರದಿಗಳಲ್ಲಿ ದಾಖಲಾಗಿರುವ ಪ್ರಕರಣ ಇದೇ.

ಮತಯಂತ್ರದ ಬಗ್ಗೆ ವಾದ ಎದ್ದಾಗಲೆಲ್ಲ ಈ ತೀರ್ಪಿನ ಹೆಸರು ಬರುತ್ತದೆ. ಸುಪ್ರೀಂ ಕೋರ್ಟು ಒಮ್ಮೆ ಮತಯಂತ್ರವನ್ನು ತಿರಸ್ಕರಿಸಿತ್ತು ಎಂಬ ಅರ್ಧ ಮಾತು ಮಾತ್ರ ಜನರ ಬಾಯಲ್ಲಿ ಉಳಿದಿದೆ. ತೀರ್ಪನ್ನು ಓದಿದವರಿಗೆ ಅದು ಹಾಗಲ್ಲವೆಂದು ತಿಳಿಯುತ್ತದೆ. ಯಂತ್ರ ಒಳ್ಳೆಯದೋ ಕೆಟ್ಟದ್ದೋ, ಅದನ್ನು ತಿರುಚಲು ಸಾಧ್ಯವೋ ಇಲ್ಲವೋ ಎಂಬುದನ್ನು ನ್ಯಾಯಾಲಯ ತೀರ್ಮಾನಿಸಲಿಲ್ಲ. ಅದು ತೀರ್ಮಾನಿಸಿದ್ದು, ಮತ ಹಾಕುವ ವಿಧಾನವನ್ನು ಬದಲಿಸುವ ಅಧಿಕಾರ ಯಾರದು ಎಂಬ ಒಂದೇ ಪ್ರಶ್ನೆಯನ್ನು.

ನಿಯಮ ಹೇಳಿದ್ದ ಮತದಾನ

1951ರ ಪ್ರಜಾಪ್ರತಿನಿಧಿ ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ, ಮತದಾನ ನಡೆಯುವ ಪ್ರತಿ ಚುನಾವಣೆಯಲ್ಲಿ ಮತವನ್ನು ನಿಯಮಗಳಲ್ಲಿ ಗೊತ್ತುಪಡಿಸಿದ ರೀತಿಯಲ್ಲಿ ‘ಬ್ಯಾಲೆಟ್’ ಮೂಲಕ ನೀಡಬೇಕು. ಆ ರೀತಿ ಯಾವುದು ಎಂಬುದನ್ನು 1961ರ ಚುನಾವಣೆ ನಡೆಸುವ ನಿಯಮಗಳು ಬಿಡಿಸಿ ಹೇಳುತ್ತವೆ. ಆ ನಿಯಮಗಳನ್ನು ರಚಿಸುವ ಅಧಿಕಾರವನ್ನು ಕಾಯ್ದೆಯ 169ನೇ ಸೆಕ್ಷನ್ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಸರ್ಕಾರ ಚುನಾವಣಾ ಆಯೋಗದೊಡನೆ ಸಮಾಲೋಚಿಸಬೇಕು, ಆದರೆ ನಿಯಮಕ್ಕೆ ಸಹಿ ಬೀಳುವುದು ಸರ್ಕಾರದ್ದೇ.

39ನೇ ನಿಯಮವನ್ನು ಸಾವಧಾನವಾಗಿ ಓದಬೇಕು. ಮತಪತ್ರ ಕೈಗೆ ಬಂದ ಕೂಡಲೇ ಮತದಾರ ಮತದಾನದ ಮರೆಗೆ ಹೋಗಬೇಕು. ಅಲ್ಲಿ, ಅದಕ್ಕೆಂದೇ ಕೊಟ್ಟಿರುವ ಮುದ್ರೆಯಿಂದ ತನ್ನ ಅಭ್ಯರ್ಥಿಯ ಚಿಹ್ನೆಯ ಮೇಲೆ ಅಥವಾ ಅದರ ಹತ್ತಿರ ಗುರುತು ಹಾಕಬೇಕು. ಯಾರಿಗೆ ಹಾಕಿದ್ದೆಂದು ಕಾಣದಂತೆ ಮತಪತ್ರವನ್ನು ಮಡಚಬೇಕು. ಮತಗಟ್ಟೆಯ ಅಧ್ಯಕ್ಷಾಧಿಕಾರಿ ಕೇಳಿದರೆ ಹಿಂಬದಿಯಲ್ಲಿರುವ ವಿಶಿಷ್ಟ ಗುರುತನ್ನು ತೋರಿಸಬೇಕು. ಮಡಚಿದ ಕಾಗದವನ್ನು ಪೆಟ್ಟಿಗೆಯೊಳಗೆ ಹಾಕಿ, ತಡಮಾಡದೆ ಹೊರಗೆ ಹೋಗಬೇಕು. ಒಂದು ನಿಮಿಷದ ಕೆಲಸವನ್ನು ಇಷ್ಟು ಹಂತಗಳಾಗಿ ಕಾನೂನು ಬಿಡಿಸಿ ಬರೆದಿದೆಯೆಂದರೆ ಅದಕ್ಕೆ ಕಾರಣವಿದೆ. ಮಡಚುವುದರಲ್ಲಿ ಗೋಪ್ಯತೆ ಇದೆ, ಹಿಂಬದಿಯ ಗುರುತಿನಲ್ಲಿ ನಕಲಿ ಮತಪತ್ರಕ್ಕೆ ತಡೆಯಿದೆ, ಮತದಾರ ತಾನೇ ಪೆಟ್ಟಿಗೆಗೆ ಹಾಕುವುದರಲ್ಲಿ ತನ್ನ ಮತ ಮತ್ತೊಬ್ಬರ ಕೈಗೆ ಹೋಗಲಿಲ್ಲವೆಂಬ ಖಾತರಿಯಿದೆ. ಎಣಿಕೆಯ ವಿಷಯದಲ್ಲಿಯೂ ಹೀಗೆಯೇ. ಯಾವ ಮತಪತ್ರವನ್ನು ತಿರಸ್ಕರಿಸಬೇಕು ಎಂಬುದಕ್ಕೆ 56ನೇ ನಿಯಮದಲ್ಲಿ ಪಟ್ಟಿಯೇ ಇದೆ: ಗುರುತೇ ಇಲ್ಲದ್ದು, ಒಬ್ಬರಿಗಿಂತ ಹೆಚ್ಚು ಅಭ್ಯರ್ಥಿಗಳಿಗೆ ಗುರುತು ಬಿದ್ದದ್ದು, ಮತದಾರ ಯಾರೆಂದು ಪತ್ತೆಹಚ್ಚಲು ಸಾಧ್ಯವಾಗುವ ಬರಹವಿರುವುದು, ನಕಲಿಯಾದದ್ದು ಇತ್ಯಾದಿ.

ಪರವೂರಿನ 50 ಮತಗಟ್ಟೆಗಳಲ್ಲಿ ಈ ಹಂತಗಳಲ್ಲಿ ಯಾವುದೂ ನಡೆಯಲಿಲ್ಲ, ನಡೆಯಲು ಸಾಧ್ಯವೂ ಇರಲಿಲ್ಲ. ಮಡಚಲು ಕಾಗದವಿಲ್ಲ, ತೋರಿಸಲು ಗುರುತಿಲ್ಲ, ತಿರಸ್ಕರಿಸಲು ಮತಪತ್ರವಿಲ್ಲ. 123 ಮತಗಳ ಅಂತರದಲ್ಲಿ ಸೋತ ಅಭ್ಯರ್ಥಿ 34 ಮತಗಟ್ಟೆಗಳ ಕಾಗದವನ್ನು ಮತ್ತೊಮ್ಮೆ ಕೈಯಲ್ಲಿ ಹಿಡಿದು ಎಣಿಸಿರೆಂದು ಕೇಳಬಹುದಿತ್ತು. ಉಳಿದ 50ರಲ್ಲಿ ಯಂತ್ರ ತೋರಿಸಿದ ಅಂಕಿಯನ್ನೇ ಮತ್ತೆ ಓದುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಒಂದೇ ಕ್ಷೇತ್ರದ ಮತದಾರರಿಗೆ, ಒಂದೇ ದಿನ, ಎರಡು ಬಗೆಯ ರಕ್ಷಣೆ ದೊರೆತಿತ್ತು. ಅದರಲ್ಲಿ ಒಂದಕ್ಕೆ ಮಾತ್ರ ಕಾನೂನಿನ ಬರಹವಿತ್ತು. ಪ್ರಕರಣದ ಗಂಭೀರತೆ ನನಗೆ ಕಾಣುವುದು ಇಲ್ಲಿಯೇ.

ಆಯೋಗದ ನಿಲುವು

ಚುನಾವಣಾ ಆಯೋಗ ಈ ಹೆಜ್ಜೆಯನ್ನು ದುರುದ್ದೇಶದಿಂದ ಇಟ್ಟಿತೆಂದು ಯಾರೂ ಹೇಳುವಂತಿಲ್ಲ. ಮತಪತ್ರಗಳ ಮುದ್ರಣ, ಸಾಗಣೆ ಮತ್ತು ಎಣಿಕೆಯ ಹೊರೆ, ಮತಗಟ್ಟೆ ವಶಪಡಿಸಿಕೊಂಡು ಕಟ್ಟುಗಟ್ಟಲೆ ಮತಪತ್ರಗಳಿಗೆ ಮುದ್ರೆ ಒತ್ತುವ ಪಿಡುಗು ಇವೆಲ್ಲ ಆಯೋಗವನ್ನು ಹೊಸ ದಾರಿ ಹುಡುಕುವಂತೆ ಮಾಡಿದ್ದವು. ಹೈದರಾಬಾದಿನ ಸರ್ಕಾರಿ ಎಲೆಕ್ಟ್ರಾನಿಕ್ಸ್ ಸಂಸ್ಥೆ ಇಸಿಐಎಲ್ ಮಾದರಿ ಯಂತ್ರವನ್ನು ಸಿದ್ಧಪಡಿಸಿತ್ತು. 1980ರ ಆಗಸ್ಟಿನಲ್ಲಿ ರಾಜಕೀಯ ಪಕ್ಷಗಳ ಪ್ರತಿನಿಧಿಗಳ ಮುಂದೆ ಅದರ ಪ್ರದರ್ಶನವೂ ನಡೆದಿತ್ತು. ನಂತರ ಬೆಂಗಳೂರಿನ ಬಿಇಎಲ್ ಕೂಡ ಈ ಕೆಲಸದಲ್ಲಿ ಜೊತೆಯಾಯಿತು.

ಕಾನೂನಿನ ಬೆಂಬಲ ಮಾತ್ರ ಬಂದಿರಲಿಲ್ಲ. ಯಂತ್ರದ ಬಳಕೆಗೆ ಅನುಮೋದನೆ ಕೋರಿ ಆಯೋಗ ಕೇಂದ್ರ ಸರ್ಕಾರವನ್ನು ಕೇಳಿತ್ತು, ಸರ್ಕಾರ ಒಪ್ಪಿಗೆ ಕೊಟ್ಟಿರಲಿಲ್ಲ. ಆಗ ಆಯೋಗ ಸಂವಿಧಾನದ 324ನೇ ವಿಧಿಯ ಮೊರೆಹೊಕ್ಕಿತು. ಚುನಾವಣೆಗಳ ಮೇಲ್ವಿಚಾರಣೆ, ನಿರ್ದೇಶನ ಮತ್ತು ನಿಯಂತ್ರಣವನ್ನು ಈ ವಿಧಿ ಆಯೋಗಕ್ಕೆ ವಹಿಸಿದೆ. ಅದರ ಆಧಾರದ ಮೇಲೆ ತಾನೇ ನಿರ್ದೇಶನ ಹೊರಡಿಸಿ ಪರವೂರಿನಲ್ಲಿ ಯಂತ್ರವನ್ನು ಬಳಕೆಗೆ ತಂದಿತು.

ಈ ನಿಲುವಿನ ಹಿಂದೆ ಸುಪ್ರೀಂ ಕೋರ್ಟಿನದೇ ಒಂದು ತೀರ್ಪಿನ ನೆರಳಿತ್ತು. 1977ರ ಲೋಕಸಭಾ ಚುನಾವಣೆಯಲ್ಲಿ ಪಂಜಾಬಿನ ಫಿರೋಜ್‌ಪುರ ಕ್ಷೇತ್ರದ ಎಣಿಕೆಯ ವೇಳೆ ಗಲಭೆಯಾಗಿ, ಆಯೋಗ ಇಡೀ ಕ್ಷೇತ್ರದ ಮತದಾನವನ್ನೇ ರದ್ದುಮಾಡಿತ್ತು. ಅದರಿಂದ ಹುಟ್ಟಿದ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು 324ನೇ ವಿಧಿಯನ್ನು ಅಧಿಕಾರದ ಜಲಾಶಯವೆಂಬಂತೆ ಕಂಡರು. ಕಾನೂನು ಮೌನವಾಗಿರುವ ಕಡೆ, ಶಾಸನಕಾರರು ಊಹಿಸಿರದ ಪರಿಸ್ಥಿತಿ ಎದುರಾದಾಗ, ಆಯೋಗ ಅದರಿಂದ ಬಲ ಪಡೆಯಬಹುದು ಎಂಬುದು ಆ ತೀರ್ಪಿನ ಸಾರ. ಆದರೆ ಅದೇ ತೀರ್ಪು ಒಂದು ಮಿತಿಯನ್ನೂ ಹಾಕಿತ್ತು. ಸಂಸತ್ತೋ ರಾಜ್ಯ ಶಾಸಕಾಂಗವೋ ಚುನಾವಣೆಯ ಬಗ್ಗೆ ಸಿಂಧುವಾದ ಕಾನೂನು ಮಾಡಿದ್ದರೆ ಆಯೋಗ ಅದಕ್ಕೆ ಅನುಗುಣವಾಗಿಯೇ ನಡೆಯಬೇಕು, ಅದನ್ನು ಮೀರುವಂತಿಲ್ಲ. ಪರವೂರಿನಲ್ಲಿ ಮೊದಲ ಮಾತನ್ನು ಆಯೋಗ ನೆಚ್ಚಿಕೊಂಡಿತು, ಎರಡನೆಯದನ್ನು ಬದಿಗಿಟ್ಟಿತು.

ಪಿಳ್ಳೈ ಅವರ ಪರವಾಗಿ ಮುಖ್ಯವಾಗಿ ಎರಡು ವಾದಗಳು ಬಂದವು. ಮೊದಲನೆಯದು, ಆಯೋಗ ಸಂವಿಧಾನದಿಂದಲೇ ಹುಟ್ಟಿದ ಸಂಸ್ಥೆಯಾದ್ದರಿಂದ ಅದರ ಅಧಿಕಾರ ನೇರವಾಗಿ ಸಂವಿಧಾನದಿಂದ ಬರುತ್ತದೆ, ಸಂಸತ್ತಿನ ಕಾಯ್ದೆಗಿಂತ ಅದು ಮೇಲು ಎಂಬುದು. ಎರಡನೆಯದು, 59ನೇ ಸೆಕ್ಷನ್ನಿನ ‘ಬ್ಯಾಲೆಟ್’ ಎಂಬ ಪದ ಗುಪ್ತ ಮತದಾನವನ್ನು ಸೂಚಿಸುವ ವಿಶಾಲವಾದ ಪದ, ಯಂತ್ರದ ಮೂಲಕ ನೀಡುವ ಮತವನ್ನೂ ಅದು ಒಳಗೊಳ್ಳುತ್ತದೆ ಎಂಬುದು.

ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಮತದಾನಕ್ಕೆ ಮುಂಚೆ ಯಂತ್ರದ ಬಳಕೆಯನ್ನು ಹೈಕೋರ್ಟಿನಲ್ಲಿ ರಿಟ್ ಅರ್ಜಿಯ ಮೂಲಕ ಪ್ರಶ್ನಿಸಿದವರು ಶಿವನ್ ಪಿಳ್ಳೈ ಅವರೇ. ಆ ಅರ್ಜಿ ಫಲ ಕೊಡಲಿಲ್ಲ. ಚುನಾವಣೆಯ ಪ್ರಕ್ರಿಯೆ ಒಮ್ಮೆ ಆರಂಭವಾದ ಮೇಲೆ ನ್ಯಾಯಾಲಯಗಳು ನಡುವೆ ಕೈಹಾಕಬಾರದೆಂದು 329ನೇ ವಿಧಿ ಹೇಳುತ್ತದೆ, ಸುಪ್ರೀಂ ಕೋರ್ಟಿನ 1952ರ ಪೊನ್ನುಸ್ವಾಮಿ ತೀರ್ಪಿನಿಂದ ಅದು ಗಟ್ಟಿಯಾಗಿ ನೆಲೆಗೊಂಡಿದೆ. ಗೆದ್ದ ಮೇಲೆ ಪಿಳ್ಳೈ ಯಂತ್ರವನ್ನು ಸಮರ್ಥಿಸಬೇಕಾಯಿತು, ಸೋತ ಮೇಲೆ ಜೋಸ್ ಅದನ್ನು ಪ್ರಶ್ನಿಸಿದರು. ಜೋಸ್ ಆಗ ಸುಮ್ಮನಿದ್ದು ಈಗ ತಕರಾರು ಎತ್ತುವಂತಿಲ್ಲ ಎಂಬ ಆಕ್ಷೇಪವೂ ಬಂತು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಕಾನೂನೇ ಒಂದು ವಿಧಾನವನ್ನು ಕಡ್ಡಾಯ ಮಾಡಿರುವಾಗ ಅಭ್ಯರ್ಥಿಯ ಮೌನದಿಂದಾಗಲಿ ಒಪ್ಪಿಗೆಯಿಂದಾಗಲಿ ಅದು ಸಡಿಲವಾಗುವುದಿಲ್ಲ. ಇದು ಸರಿಯಾದ ನಿಲುವೆಂದೇ ನನ್ನ ಅಭಿಪ್ರಾಯ. ಮತದಾನದ ವಿಧಾನ ಇಬ್ಬರು ಅಭ್ಯರ್ಥಿಗಳ ನಡುವಿನ ಒಪ್ಪಂದವಲ್ಲ. ಅದರಲ್ಲಿ ಮತದಾರರ ಹಕ್ಕು ಅಡಗಿದೆ, ಅವರ ಪರವಾಗಿ ಅದನ್ನು ಬಿಟ್ಟುಕೊಡುವ ಅಧಿಕಾರ ಜೋಸ್‌ಗೂ ಇರಲಿಲ್ಲ, ಪಿಳ್ಳೈಗೂ ಇರಲಿಲ್ಲ.

ತೀರ್ಪಿನ ತಿರುಳು

ಸುಪ್ರೀಂ ಕೋರ್ಟು ಸಂವಿಧಾನದ 324 ಮತ್ತು 327ನೇ ವಿಧಿಗಳನ್ನು ಒಟ್ಟಿಗೆ ಇಟ್ಟು ಓದಿತು. ಚುನಾವಣೆ ನಡೆಸುವುದು ಆಯೋಗದ ಕೆಲಸ, ಚುನಾವಣೆಗೆ ಸಂಬಂಧಿಸಿದ ಕಾನೂನು ಮಾಡುವುದು ಸಂಸತ್ತಿನ ಕೆಲಸ. ಕಾನೂನಾಗಲಿ ನಿಯಮವಾಗಲಿ ಇಲ್ಲದ ಕಡೆ ಆಯೋಗ ತನಗೆ ಸರಿಕಂಡ ಆದೇಶ ಮಾಡಬಹುದು. ಕಾನೂನು ಮತ್ತು ಸ್ಪಷ್ಟ ನಿಯಮಗಳು ಇರುವ ಕಡೆ ಅವುಗಳನ್ನು ಬದಿಗೊತ್ತಿ ನೇರ ವಿರುದ್ಧವಾದ ಆದೇಶ ಮಾಡುವಂತಿಲ್ಲ. ಕಾನೂನಿಗೆ ಪೂರಕವಾಗಿ ನಿಲ್ಲುವ ಅಧಿಕಾರ ಅದು, ಕಾನೂನಿನ ಜಾಗದಲ್ಲಿ ಕೂರುವ ಅಧಿಕಾರವಲ್ಲ. ಸರ್ಕಾರದ ಅನುಮೋದನೆ ಬೇಕಾದ ವಿಷಯದಲ್ಲಿ, ಅನುಮೋದನೆ ಸಿಗದಿದ್ದರೂ ತನ್ನಿಷ್ಟದಂತೆ ಮುಂದುವರಿಯುವುದು ಆಯೋಗಕ್ಕೆ ಸಲ್ಲದು.

‘ಬ್ಯಾಲೆಟ್’ ಪದದ ವಾದಕ್ಕೆ ನ್ಯಾಯಾಲಯ ನಿಯಮಗಳಲ್ಲೇ ಉತ್ತರ ಕಂಡುಕೊಂಡಿತು. ಮತಪತ್ರ ಹೇಗಿರಬೇಕು, ಪೆಟ್ಟಿಗೆ ಹೇಗಿರಬೇಕು, ಗುರುತು ಎಲ್ಲಿ ಬೀಳಬೇಕು ಎಂದು ನಿಯಮಗಳು ವಿವರವಾಗಿ ಹೇಳುತ್ತಿರುವಾಗ, ಆ ಪದದೊಳಗೆ ಯಂತ್ರವನ್ನು ಸೇರಿಸುವುದು ಶಾಸನಕಾರರು ಆಡದ ಮಾತನ್ನು ಅವರ ಬಾಯಿಗೆ ತುರುಕಿದಂತಾಗುತ್ತದೆ. ಹೊರದೇಶಗಳಲ್ಲಿ ಯಂತ್ರ ಬಳಕೆಯಲ್ಲಿದೆ ಎಂಬುದೂ ಇದನ್ನು ಬದಲಿಸುವುದಿಲ್ಲ. ಅಲ್ಲಿ ಅದಕ್ಕೆ ಕಾನೂನು ಇದೆಯೇ ಎಂಬುದು ಪ್ರಶ್ನೆ, ಇಲ್ಲಿ ಇರಲಿಲ್ಲ.

ತೀರ್ಪಿನ ಇನ್ನೊಂದು ಭಾಗವನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಆಯೋಗಕ್ಕೆ ಅಂಕೆಯಿಲ್ಲದ ಅಧಿಕಾರವಿದೆಯೆಂದು ಒಪ್ಪಿದರೆ, ಮುಂದೊಂದು ದಿನ ಯಾವುದೋ ಒಂದು ಸಿದ್ಧಾಂತಕ್ಕೆ ಕಟ್ಟುಬಿದ್ದವರು ಆ ಸ್ಥಾನದಲ್ಲಿ ಕುಳಿತು ವಿಚಿತ್ರವಾದ ನಿರ್ದೇಶನಗಳಿಂದ ರಾಜಕೀಯ ಅನಾಹುತವನ್ನೋ ಸಾಂವಿಧಾನಿಕ ಬಿಕ್ಕಟ್ಟನ್ನೋ ತರಬಹುದು ಎಂದು ಪೀಠ ಎಚ್ಚರಿಸಿತು. ಬೇಲಿಯೇ ಎದ್ದು ಹೊಲ ಮೇಯಬಾರದೆಂಬ ಆತಂಕ ಇದು. ಅಂದಿನ ಆಯೋಗದ ಮೇಲೆ ನ್ಯಾಯಾಲಯ ಅಂಥ ಆರೋಪ ಹೊರಿಸಲಿಲ್ಲ. ಒಳ್ಳೆಯ ಉದ್ದೇಶದಿಂದ ಬಳಸಿದ ಅಧಿಕಾರ ಮುಂದೆ ಬರುವವರ ಕೈಯಲ್ಲೂ ಉಳಿದುಕೊಳ್ಳುತ್ತದೆ ಎಂಬುದನ್ನು ಕಂಡೇ ಪೀಠ ಹಾಗೆ ಬರೆಯಿತು.

ಕೊನೆಗೆ 50 ಮತಗಟ್ಟೆಗಳ ಮತದಾನ ಅಸಿಂಧುವಾಯಿತು. ಆ 50ರಲ್ಲಿ ಮಾತ್ರ ಮತಪತ್ರದ ಮೂಲಕ ಮರುಮತದಾನ ನಡೆಸಿ, 34 ಮತಗಟ್ಟೆಗಳ ಹಳೆಯ ಎಣಿಕೆಗೆ ಅದನ್ನು ಸೇರಿಸಿ ಫಲಿತಾಂಶ ಘೋಷಿಸಬೇಕೆಂದು ಆದೇಶವಾಯಿತು. 1984ರಲ್ಲಿ ನಡೆದ ಆ ಮರುಮತದಾನದಲ್ಲಿ ಜೋಸ್ ಗೆದ್ದರು.

ಪರಿಹಾರದಲ್ಲಿ ಉಳಿದ ತೊಡಕು

ತೀರ್ಪಿನ ತರ್ಕವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ, ಅದು ಕೊಟ್ಟ ಪರಿಹಾರವನ್ನು ಅಷ್ಟು ಸುಲಭವಾಗಿ ಒಪ್ಪಲಾರೆ. ಚುನಾವಣಾ ತಕರಾರು ಅರ್ಜಿಯ ವಿಚಾರಣೆ ಮುಗಿದ ಮೇಲೆ ಯಾವ ಆದೇಶ ಮಾಡಬಹುದು ಎಂಬುದನ್ನು ಕಾಯ್ದೆಯ 98ನೇ ಸೆಕ್ಷನ್ ಹೇಳುತ್ತದೆ. ಅರ್ಜಿಯನ್ನು ವಜಾ ಮಾಡಬಹುದು, ಗೆದ್ದವರ ಆಯ್ಕೆ ಅಸಿಂಧುವೆಂದು ಸಾರಬಹುದು, ಅಥವಾ ಹಾಗೆ ಸಾರಿ ಅರ್ಜಿದಾರರನ್ನೋ ಮತ್ತೊಬ್ಬ ಅಭ್ಯರ್ಥಿಯನ್ನೋ ಆಯ್ಕೆಯಾದವರೆಂದು ಘೋಷಿಸಬಹುದು. ಕ್ಷೇತ್ರದ ಒಂದು ಭಾಗಕ್ಕೆ ಮಾತ್ರ ಮರುಮತದಾನ ಎಂಬುದು ಆ ಪಟ್ಟಿಯಲ್ಲಿ ಇಲ್ಲ. ನಿಯಮದ ಅಕ್ಷರಕ್ಕೆ ಬದ್ಧವಾಗಿರಬೇಕೆಂದು ಆಯೋಗಕ್ಕೆ ಹೇಳಿದ ತೀರ್ಪೇ, ಪರಿಹಾರದ ಹಂತದಲ್ಲಿ ಕಾಯ್ದೆಯ ಅಕ್ಷರದಿಂದ ಆಚೆ ಹೆಜ್ಜೆ ಇಟ್ಟಿತು. ಸುಪ್ರೀಂ ಕೋರ್ಟಿಗೆ ಪೂರ್ಣ ನ್ಯಾಯ ಒದಗಿಸುವ ವಿಶೇಷ ಅಧಿಕಾರವನ್ನು ಸಂವಿಧಾನದ 142ನೇ ವಿಧಿ ಕೊಟ್ಟಿದೆ, ಹಾಗಾಗಿ ಆದೇಶಕ್ಕೆ ನೆಲೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆ ನೆಲೆ ಕಾಯ್ದೆಯಲ್ಲಿ ಇಲ್ಲ ಎಂಬುದಷ್ಟೇ ನನ್ನ ಮಾತು.

ಇದು ಬರೀ ಅಕ್ಷರದ ತಕರಾರೂ ಅಲ್ಲ. 34 ಮತಗಟ್ಟೆಗಳ ಜನ ತಮ್ಮ ಮತವನ್ನು 1982ರ ಮೇ ತಿಂಗಳಿನಲ್ಲಿ ಹಾಕಿದ್ದರು. ಉಳಿದವರು ಹಾಕಿದ್ದು 1984ರಲ್ಲಿ. ನಡುವಿನ ಅವಧಿಯಲ್ಲಿ ರಾಜ್ಯದಲ್ಲಿ ಸರ್ಕಾರ ರಚನೆಯಾಗಿ ಆಡಳಿತ ನಡೆಸುತ್ತಿತ್ತು, ಮೊದಲ ಸುತ್ತಿನಲ್ಲಿ ಯಾರಿಗೆ ಎಷ್ಟು ಮತ ಬಿದ್ದಿತ್ತೆಂಬುದು ಎಲ್ಲರಿಗೂ ಗೊತ್ತಿತ್ತು. ಮೊದಲ ಗುಂಪು ಏನೂ ತಿಳಿಯದೆ ಮತ ಹಾಕಿತು, ಎರಡನೆಯದು ಎಲ್ಲವನ್ನೂ ತಿಳಿದು ಹಾಕಿತು. ಎರಡನ್ನೂ ಕೂಡಿಸಿ ಬಂದ ಮೊತ್ತವನ್ನು ಒಂದೇ ಕ್ಷೇತ್ರದ ಒಂದೇ ಇಚ್ಛೆ ಎಂದು ಕರೆಯುವುದು ಕಷ್ಟ. ಇಡೀ ಕ್ಷೇತ್ರಕ್ಕೆ ಹೊಸದಾಗಿ ಚುನಾವಣೆ ನಡೆಸಿದ್ದರೆ ಖರ್ಚು ಹೆಚ್ಚಾಗುತ್ತಿತ್ತು, ಕಾನೂನುಬದ್ಧವಾಗಿಯೇ ಮತ ಹಾಕಿದ್ದ 34 ಮತಗಟ್ಟೆಗಳ ಜನರೂ ಮತ್ತೆ ಸಾಲಿನಲ್ಲಿ ನಿಲ್ಲಬೇಕಾಗುತ್ತಿತ್ತು. ಆದರೂ ಅಲ್ಲಿ ಎಲ್ಲ ಮತದಾರರೂ ಒಂದೇ ನೆಲೆಯಲ್ಲಿ ನಿಂತಿರುತ್ತಿದ್ದರು. ಪೀಠ ಈ ಎರಡು ದಾರಿಗಳನ್ನು ಎದುರುಬದುರು ಇಟ್ಟು ತೂಗಿದ್ದರೆ ಮುಂದಿನ ಪ್ರಕರಣಗಳಿಗೆ ದಾರಿದೀಪವಾಗುತ್ತಿತ್ತು.

ಇನ್ನೊಂದು ತೊಡಕು ಪರವೂರಿನ ಹೊರಗಿದೆ. 1982 ಮತ್ತು 1983ರಲ್ಲಿ ಆಯೋಗ ಇನ್ನೂ 10 ಕ್ಷೇತ್ರಗಳಲ್ಲಿ ಯಂತ್ರಗಳನ್ನು ಬಳಸಿತ್ತು. ಪರವೂರಿನಲ್ಲಿದ್ದ ಕೊರತೆಯೇ ಅಲ್ಲಿಯೂ ಇತ್ತು. ಆದರೆ ಚುನಾವಣೆಯನ್ನು ಪ್ರಶ್ನಿಸಲು ಕಾಯ್ದೆಯ 81ನೇ ಸೆಕ್ಷನ್ ಕೊಡುವುದು 45 ದಿನ ಮಾತ್ರ. ಆ ಅವಧಿ ದಾಟಿದ ಮೇಲೆ, ಮತ ಹಾಕಿದ ವಿಧಾನಕ್ಕೆ ಕಾನೂನಿನ ಆಧಾರವೇ ಇರಲಿಲ್ಲವೆಂದು ದೇಶದ ಅತ್ಯುನ್ನತ ನ್ಯಾಯಾಲಯ ಸಾರಿದರೂ ಆ ಆಯ್ಕೆಗಳನ್ನು ಅಲುಗಾಡಿಸಲು ಹೊಸದಾಗಿ ಯಾರೂ ಬಾಗಿಲು ತಟ್ಟುವಂತಿಲ್ಲ. ಚುನಾವಣೆಯ ಫಲಿತಾಂಶಕ್ಕೆ ಸ್ಥಿರತೆ ಬೇಕು, ಹಾಗಾಗಿ ಗಡುವು ಬೇಕು. ಅದನ್ನು ಒಪ್ಪಿಕೊಂಡ ಮೇಲೂ ಆ ಕ್ಷೇತ್ರಗಳ ಮತದಾರರಿಗೆ ಹೇಳಲು ಕಾನೂನಿನ ಬಳಿ ಸಮಾಧಾನದ ಮಾತಿಲ್ಲ.

ಆಮೇಲೆ ಬಂದ ಕಾನೂನು

ತೀರ್ಪಿನ ನಂತರ ಆಯೋಗ ಯಂತ್ರಗಳನ್ನು ಬದಿಗಿಟ್ಟಿತು. ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದು 61ಎ ಸೆಕ್ಷನ್ ಸೇರಿಸಿತು, 1989ರ ಮಾರ್ಚ್ 15ರಿಂದ ಅದು ಜಾರಿಗೆ ಬಂತು. ಪ್ರತಿ ಪ್ರಕರಣದ ಸಂದರ್ಭವನ್ನು ಗಮನಿಸಿ ಆಯೋಗ ಗೊತ್ತುಪಡಿಸುವ ಕ್ಷೇತ್ರಗಳಲ್ಲಿ ಮತಯಂತ್ರ ಬಳಸಬಹುದೆಂದು ಅದು ಹೇಳುತ್ತದೆ. 1992ರಲ್ಲಿ ನಿಯಮಗಳಿಗೂ ಹೊಸ ಅಧ್ಯಾಯ ಸೇರಿತು. ಮಡಚುವುದು, ಪೆಟ್ಟಿಗೆಗೆ ಹಾಕುವುದು ಎಂದು ಬರೆದಿದ್ದ ಕಡೆ ಗುಂಡಿ, ಬ್ಯಾಲೆಟ್ ಯುನಿಟ್, ಕಂಟ್ರೋಲ್ ಯುನಿಟ್ ಎಂಬ ಪದಗಳು ಬಂದವು. 1998ರಲ್ಲಿ ಮಧ್ಯಪ್ರದೇಶ, ರಾಜಸ್ಥಾನ ಮತ್ತು ದೆಹಲಿಯ 16 ವಿಧಾನಸಭಾ ಕ್ಷೇತ್ರಗಳಲ್ಲಿ ಯಂತ್ರ ಮರಳಿ ಬಂತು, 2004ರಲ್ಲಿ ಲೋಕಸಭೆಯ 543 ಕ್ಷೇತ್ರಗಳಿಗೂ ಹಬ್ಬಿತು.

ಆಮೇಲಿನ ಮೊಕದ್ದಮೆಗಳಲ್ಲಿ ಪ್ರಶ್ನೆಯ ಸ್ವರೂಪವೇ ಬೇರೆ. 1999ರಲ್ಲಿ ಬೆಂಗಳೂರಿನಲ್ಲಿ ಸಿ.ಕೆ. ಜಾಫರ್ ಷರೀಫ್ ಅವರ ಗೆಲುವನ್ನು ಮೈಕೆಲ್ ಫರ್ನಾಂಡಿಸ್ ಪ್ರಶ್ನಿಸಿದಾಗ ಕರ್ನಾಟಕ ಹೈಕೋರ್ಟು ಪರಿಶೀಲಿಸಿದ್ದು ಯಂತ್ರ ನಂಬಿಕೆಗೆ ಅರ್ಹವೇ ಎಂಬುದನ್ನು. ತಜ್ಞರ ಸಾಕ್ಷ್ಯವನ್ನು ಆಧರಿಸಿ 2004ರಲ್ಲಿ ನೀಡಿದ ತೀರ್ಪಿನಲ್ಲಿ ಯಂತ್ರವನ್ನು ದೇಶದ ಹೆಮ್ಮೆಯೆಂದು ಅದು ಬಣ್ಣಿಸಿತು. ಪರವೂರಿನ ತೀರ್ಪಿಗೂ ಬೆಂಗಳೂರಿನ ತೀರ್ಪಿಗೂ ವಿರೋಧವಿದೆಯೆಂದು ಹೇಳುವವರು ಈ ವ್ಯತ್ಯಾಸವನ್ನು ಮರೆತಿರುತ್ತಾರೆ. ಒಂದು ಅಧಿಕಾರದ ಪ್ರಶ್ನೆಯಾದರೆ ಇನ್ನೊಂದು ವಿಶ್ವಾಸಾರ್ಹತೆಯ ಪ್ರಶ್ನೆ.

ಕಳೆದುಹೋಗಿದ್ದ ಕಾಗದವೂ ಒಂದು ರೂಪದಲ್ಲಿ ಹಿಂದಿರುಗಿತು. 2013ರ ಆಗಸ್ಟಿನಲ್ಲಿ ನಿಯಮಗಳನ್ನು ತಿದ್ದಿ, ಹಾಕಿದ ಮತವನ್ನು ಕಾಗದದ ಚೀಟಿಯಲ್ಲಿ ಮುದ್ರಿಸಿ ತೋರಿಸುವ ವಿವಿಪ್ಯಾಟ್ ಯಂತ್ರಕ್ಕೆ ಅವಕಾಶ ಕೊಡಲಾಯಿತು. ಮರುತಿಂಗಳು ನಾಗಾಲ್ಯಾಂಡಿನ ನೋಕ್ಸೆನ್ ಉಪಚುನಾವಣೆಯಲ್ಲಿ ಅದು ಮೊದಲ ಬಾರಿಗೆ ಬಳಕೆಯಾಯಿತು. ಅದೇ ವರ್ಷದ ಅಕ್ಟೋಬರ್ 8ರಂದು ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮುಕ್ತ ಮತ್ತು ನ್ಯಾಯಸಮ್ಮತ ಚುನಾವಣೆಗೆ ಕಾಗದದ ಕುರುಹು ಅಗತ್ಯವೆಂದು ಹೇಳಿತು. ಇಲ್ಲಿ ನಿಯಮ ಮೊದಲು ಬಂತು, ಯಂತ್ರ ಆಮೇಲೆ ಬಂತು. ಪರವೂರಿನ ತೀರ್ಪು ಕೇಳಿದ್ದು ಇದೇ ಕ್ರಮವನ್ನು. ಗುಂಡಿ ಒತ್ತಿದ ಮೇಲೆ ಗಾಜಿನ ಹಿಂದೆ ಏಳು ಸೆಕೆಂಡು ಕಾಣುವ ಚೀಟಿ, 39ನೇ ನಿಯಮದ ಮಡಚಿದ ಮತಪತ್ರಕ್ಕೆ ಪೂರ್ತಿ ಸಮನಲ್ಲ, ಏಕೆಂದರೆ ಮತದಾರ ಅದನ್ನು ಕೈಯಿಂದ ಮುಟ್ಟುವುದಿಲ್ಲ. ಆದರೆ ಮರುಎಣಿಕೆ ಕೇಳಿದವರಿಗೆ ತೋರಿಸಲು ಏನಾದರೊಂದು ಇದೆ. 1982ರ ಆ 50 ಮತಗಟ್ಟೆಗಳಲ್ಲಿ ಅದೂ ಇರಲಿಲ್ಲ.

2024ರ ಏಪ್ರಿಲ್ 26ರಂದು ನ್ಯಾಯಮೂರ್ತಿಗಳಾದ ಸಂಜೀವ್ ಖನ್ನಾ ಮತ್ತು ದೀಪಂಕರ್ ದತ್ತಾ ಅವರ ಪೀಠ ಮತಪತ್ರಕ್ಕೆ ಮರಳಬೇಕೆಂಬ ಬೇಡಿಕೆಯನ್ನೂ, ಎಲ್ಲ ವಿವಿಪ್ಯಾಟ್ ಚೀಟಿಗಳನ್ನು ಎಣಿಸಬೇಕೆಂಬ ಬೇಡಿಕೆಯನ್ನೂ ತಳ್ಳಿಹಾಕಿತು. ಜೊತೆಗೆ ಎರಡು ನಿರ್ದೇಶನ ಕೊಟ್ಟಿತು. ವಿವಿಪ್ಯಾಟ್‌ಗೆ ಅಭ್ಯರ್ಥಿಗಳ ಚಿಹ್ನೆಗಳನ್ನು ತುಂಬುವ ಘಟಕಗಳನ್ನು ಫಲಿತಾಂಶದ ನಂತರ ಕನಿಷ್ಠ 45 ದಿನ ಮುದ್ರೆ ಹಾಕಿ ಇಡಬೇಕು ಎಂಬುದು ಒಂದು. ಎರಡನೆಯ ಅಥವಾ ಮೂರನೆಯ ಸ್ಥಾನ ಪಡೆದ ಅಭ್ಯರ್ಥಿ ಏಳು ದಿನಗಳೊಳಗೆ ಬರೆದುಕೊಟ್ಟು ಕೇಳಿದರೆ ಶೇ 5ರಷ್ಟು ಯಂತ್ರಗಳ ಮೆಮೊರಿಯನ್ನು ತಯಾರಕ ಸಂಸ್ಥೆಯ ಎಂಜಿನಿಯರುಗಳು ಪರಿಶೀಲಿಸಬೇಕು ಎಂಬುದು ಮತ್ತೊಂದು. ಎರಡೂ ಮತದಾರರಿಗೆ ಒಳಿತು ಮಾಡುವ ನಿರ್ದೇಶನಗಳೇ. ಎರಡೂ ನ್ಯಾಯಾಲಯದ ಆದೇಶದಿಂದ ಹುಟ್ಟಿದವು, 1961ರ ನಿಯಮಗಳಿಂದಲ್ಲ. ಪರಿಶೀಲನೆಯಲ್ಲಿ ಯಂತ್ರದ ಅಂಕಿ ತಪ್ಪೆಂದು ತೇಲಿಬಂದರೆ ಮುಂದೇನು, ಘೋಷಿತ ಫಲಿತಾಂಶ ತಾನಾಗಿ ಬೀಳುತ್ತದೆಯೋ ಅಥವಾ ಅಭ್ಯರ್ಥಿ ಅದೇ 45 ದಿನಗಳೊಳಗೆ ತಕರಾರು ಅರ್ಜಿ ಹಾಕಲೇಬೇಕೋ ಎಂಬುದಕ್ಕೆ ಸ್ಪಷ್ಟವಾದ ಉತ್ತರ ಕೊಡಬೇಕಾದದ್ದು ನಿಯಮಗಳ ಪುಸ್ತಕ. ಆ ಉತ್ತರವನ್ನು ಬರೆಯುವ ಅಧಿಕಾರ 169ನೇ ಸೆಕ್ಷನ್ನಿನಂತೆ ಇಂದಿಗೂ ಕೇಂದ್ರ ಸರ್ಕಾರದ ಬಳಿಯೇ ಇದೆ.